ಜಿರಾಫೆ ನೋಡಿ ಬಂದರೆ ನೈರೋಬಿ ನೋಡಿದ ಹಾಗಾ?

ದುಬೈಯಿಂದ ನೈರೋಬಿಗೆ ವಿಮಾನದಲ್ಲಿ ಹೆಚ್ಚುಕಡಿಮೆ ಐದು ಗಂಟೆ. ಶುಕ್ರವಾರ ಸಂಜೆ ಹೊರಟರೆ ಭಾನುವಾರ ರಾತ್ರಿ ವಾಪಸ್ ಬರಬಹುದು. ಹಾಗಾಗಿ ‘48 ಗಂಟೆಯಲ್ಲಿ ನೈರೋಬಿ’ ಅನ್ನೋ ಥರದ ವೀಕೆಂಡ್ ಪಟ್ಟಿಗಳಿಗೆ ಒಳ್ಳೆ ಬೇಡಿಕೆ. ನೀವೂ ಒಂದೆರಡು ಓದಿರುತ್ತೀರಿ, ಫ್ರೆಂಡ್ಸ್ ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿಯೂ ಇರುತ್ತೀರಿ. ಇವತ್ತು ಆ ಪಟ್ಟಿಯನ್ನು ಒಂದು ಕಥೆ ಓದುವ ಹಾಗೆ ಓದಿ ನೋಡೋಣ. ಅದರಲ್ಲಿ ಮೊದಲು ಯಾರು ಬರುತ್ತಾರೆ, ಯಾರು ಮಾತಾಡುತ್ತಾರೆ, ಯಾರು ಬರೋದೇ ಇಲ್ಲ?

ಕಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಶನಿವಾರ ಬೆಳಗಿನ ಜಾವ ನ್ಯಾಷನಲ್ ಪಾರ್ಕ್. ಹನ್ನೊಂದಕ್ಕೆ ಶೆಲ್ಡ್ರಿಕ್ ಟ್ರಸ್ಟ್‌ನ ಅನಾಥ ಆನೆಮರಿಗಳು. ಮಧ್ಯಾಹ್ನ ಜಿರಾಫೆ ಸೆಂಟರ್‌ನಲ್ಲಿ ಜಿರಾಫೆಗೆ ತಿನ್ನಿಸಿ ಫೋಟೋ. ಸಂಜೆ ಕ್ಯಾರೆನ್ ಬ್ಲಿಕ್ಸೆನ್ ಮನೆ. ಭಾನುವಾರ ಮಣಿಸರ, ಮರದ ಬೊಂಬೆ ಕೊಂಡು ಏರ್‌ಪೋರ್ಟ್. ಒಂದು ಮ್ಯಾಪ್ ತೆಗೆದು ಈ ಜಾಗಗಳಿಗೆಲ್ಲ ಗುರುತು ಹಾಕಿ ನೋಡಿ. ಮುಖ್ಯವಾದವೆಲ್ಲ ಊರಿನ ದಕ್ಷಿಣದ ಅಂಚಿನಲ್ಲೇ, ಲಂಗಾಟಾ ಮತ್ತು ಕ್ಯಾರೆನ್ ಕಡೆಗೇ ಇವೆ. 2019ರ ಜನಗಣತಿಯ ಪ್ರಕಾರ ನೈರೋಬಿಯಲ್ಲಿ ಸುಮಾರು 44 ಲಕ್ಷ ಜನ. ಎರಡು ದಿನದಲ್ಲಿ ನೀವು ಅವರ ಊರನ್ನು ಸುತ್ತುಬಳಸಿ ಬಂದಿರುತ್ತೀರಿ, ಒಳಗೆ ಕಾಲಿಟ್ಟಿರುವುದಿಲ್ಲ.

ನ್ಯಾಯವಾಗಿ ಹೇಳಬೇಕು: ಇವು ಕೆಟ್ಟ ಜಾಗಗಳಲ್ಲ. 1946ರಲ್ಲಿ ಶುರುವಾದ, 117 ಚದರ ಕಿಲೋಮೀಟರಿನ ನ್ಯಾಷನಲ್ ಪಾರ್ಕ್ ನಿಜಕ್ಕೂ ಅಪರೂಪದ್ದು. ಖಡ್ಗಮೃಗ ಮೇಯುತ್ತಿರುತ್ತದೆ, ಅದರ ಹಿಂದೆ ಊರಿನ ಎತ್ತರದ ಕಟ್ಟಡಗಳು ಕಾಣುತ್ತಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದವರು ಆನೆಮರಿಗಳನ್ನು ನೋಡದೇ ಬರಬೇಕು ಅಂತ ನಾನು ಹೇಳಲ್ಲ. ನನ್ನ ತಕರಾರು ಬೇರೆ. ಈ ಪಟ್ಟಿಗಳಲ್ಲಿ ಪ್ರಾಣಿಗಳಿಗೆ ಹೆಸರಿದೆ, ಮನುಷ್ಯರಿಗಿಲ್ಲ. ಮನುಷ್ಯರು ಬಂದರೂ ಡ್ರೈವರಾಗಿ, ವೇಟರಾಗಿ, ‘ಸದಾ ನಗುಮುಖದ’ ಗೈಡ್ ಆಗಿ ಬರುತ್ತಾರೆ. ನಮ್ಮ ಬೆಂಗಳೂರನ್ನು ಯಾರಾದರೂ ಬನ್ನೇರುಘಟ್ಟ ಮತ್ತು ಒಬ್ಬ ಬ್ರಿಟಿಷ್ ಅಧಿಕಾರಿಯ ಬಂಗಲೆ ಅಷ್ಟೇ ಅಂತ ಬರೆದರೆ ನಾವು ಸುಮ್ಮನಿರುತ್ತೀವಾ?

ಬಂಗಲೆ ಅಂದೆನಲ್ಲ, ಬ್ಲಿಕ್ಸೆನ್ ಮನೆಯ ವಿಷಯಕ್ಕೇ ಬರೋಣ. ಆಕೆ ದೊಡ್ಡ ಲೇಖಕಿ, ಅದರಲ್ಲಿ ಅನುಮಾನವಿಲ್ಲ. 1914ರಲ್ಲಿ ಡೆನ್ಮಾರ್ಕಿನಿಂದ ಬಂದು, ಕಾಫಿ ಬೆಳೆದು, ನಷ್ಟವಾಗಿ 1931ರಲ್ಲಿ ವಾಪಸ್ ಹೋದವರು. 1985ರ ‘ಔಟ್ ಆಫ್ ಆಫ್ರಿಕಾ’ ಸಿನಿಮಾಕ್ಕೆ ಏಳು ಆಸ್ಕರ್ ಬಂದವು. ಅಲ್ಲಿಂದ ಆ ಮನೆ ‘ಹಳೆಯ ಆಫ್ರಿಕಾ’ದ ಗುರುತಾಗಿಬಿಟ್ಟಿತು. ಆದರೆ ಆ ತೋಟದಲ್ಲಿದ್ದ ಗಿಕುಯು ಕುಟುಂಬಗಳನ್ನು ಕಾನೂನು ‘ಸ್ಕ್ವಾಟರ್’ ಅಂತ ಕರೆಯುತ್ತಿತ್ತು. ಅಲ್ಲಿ ಇರಬೇಕಾದರೆ ಮಾಲೀಕರ ಹೊಲದಲ್ಲಿ ವರ್ಷಕ್ಕೆ ಇಂತಿಷ್ಟು ದಿನ ದುಡಿಯಬೇಕಿತ್ತು. ಆ ಮನೆಗೆ ಹೋಗಿ, ಖಂಡಿತ ಹೋಗಿ. ಹೋದಾಗ ಒಂದು ಪ್ರಶ್ನೆ ಕೇಳಿ: ಇದು ಯಾರಿಗೆ ‘ಹಳೆಯ’ ಆಫ್ರಿಕಾ?

ಇನ್ನು ನಮ್ಮ ತಪ್ಪಿನ ಮಾತು. ಹೊರಡುವ ಮುಂಚೆ ನಾವು ಕೇಳೋದು ಎರಡೇ: ಸೇಫಾ? ವೆಜ್ ಸಿಗುತ್ತಾ? ಎರಡಕ್ಕೂ ಉತ್ತರ ಇದೆ. ದೊಡ್ಡ ಊರಿನಲ್ಲಿ ಇರಬೇಕಾದ ಎಚ್ಚರ ಇರಲಿ: ರಾತ್ರಿ ಆ್ಯಪ್ ಟ್ಯಾಕ್ಸಿ ಹಿಡಿಯಿರಿ, ಬೀದಿಯಲ್ಲಿ ಫೋನ್ ಹಿಡಿದುಕೊಂಡು ನಿಲ್ಲಬೇಡಿ. ಊಟಕ್ಕಂತೂ ಯೋಚನೆಯೇ ಬೇಡ. ಚಪಾತಿ, ಸಮೋಸ, ಭಜಿಯ, ಚಾಯ್ ಎಲ್ಲ ಅಲ್ಲಿನವರದೇ ತಿಂಡಿಗಳಾಗಿವೆ. ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’. ನಿಮ್ಮಜ್ಜಿ ಹುಬ್ಬಳ್ಳಿ ಕಡೆಯವರಾದರೆ ‘ದುಕಾನ’ ಅಂದದ್ದು ಕೇಳಿರುತ್ತೀರಿ, ಗಾಡಿ ಅಂತೂ ಎಲ್ಲರಿಗೂ ಗೊತ್ತು.

ಈ ಮಾತುಗಳು ಅಲ್ಲಿಗೆ ಹೋದ ದಾರಿ ಮಾತ್ರ ಸುಲಭದ್ದಲ್ಲ. ನೈರೋಬಿ ಹುಟ್ಟಿದ್ದೇ 1899ರಲ್ಲಿ, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ಹಳಿ ಹಾಕುವಾಗ, ಒಂದು ರೈಲ್ವೆ ಡಿಪೋ ಆಗಿ. ಆ ಕೆಲಸಕ್ಕೆ ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಕರೆತಂದರು. ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಸತ್ತರು. ಹಳೇ ಸ್ಟೇಷನ್ ಹತ್ತಿರದ ರೈಲ್ವೆ ಮ್ಯೂಸಿಯಂ ಎಷ್ಟೋ ಪಟ್ಟಿಗಳಲ್ಲಿ ‘ಸಮಯ ಉಳಿದರೆ’ ಅನ್ನೋ ಸಾಲಿನಲ್ಲಿರುತ್ತದೆ. ನನ್ನ ಕೇಳಿದರೆ ಅಲ್ಲಿಂದಲೇ ಶುರುಮಾಡಬೇಕು.

ಯಾವ ವೀಕೆಂಡ್ ಪಟ್ಟಿಯಲ್ಲೂ ನಾನು ಕಾಣದ ಇನ್ನೊಂದು ಜಾಗ, ಪಾರ್ಕ್‌ಲ್ಯಾಂಡ್ಸ್ ಬಳಿಯ ಸಿಟಿ ಪಾರ್ಕ್. ಕೋತಿಗಳು ಓಡಾಡುವ ಹಳೆಯ ಉದ್ಯಾನ. ಅಲ್ಲಿ ಇಬ್ಬರು ಗೆಳೆಯರ ಸಮಾಧಿಗಳಿವೆ. ಒಬ್ಬರು ಪಿಯೋ ಗಾಮಾ ಪಿಂಟೋ. ಗೋವಾ ಮೂಲದ ಮನೆತನ, ಹುಟ್ಟಿದ್ದು 1927ರಲ್ಲಿ ನೈರೋಬಿಯಲ್ಲಿ, ಓದಲು ಬಂದದ್ದು ಗೋವಾಕ್ಕೆ, ಆಮೇಲೆ ಧಾರವಾಡದ ಕರ್ನಾಟಕ ಕಾಲೇಜಿಗೆ. ವಾಪಸ್ ಹೋಗಿ ಕೀನ್ಯಾದ ಸ್ವಾತಂತ್ರ್ಯಕ್ಕೆ ದುಡಿದರು, ಬ್ರಿಟಿಷರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದರು. ಸ್ವಾತಂತ್ರ್ಯ ಬಂದ ಮೇಲೆ ಭೂಮಿ ಬಡವರಿಗೆ ಸಿಗಬೇಕು ಅಂತ ಪಟ್ಟುಹಿಡಿದರು. 1965ರ ಫೆಬ್ರವರಿ 24ರಂದು ಮನೆ ಮುಂದೆಯೇ, ಪುಟ್ಟ ಮಗಳು ಕಾರಿನಲ್ಲಿರುವಾಗಲೇ, ಅವರನ್ನು ಗುಂಡಿಟ್ಟು ಕೊಂದರು. ಇನ್ನೊಬ್ಬರು ಜೋಸೆಫ್ ಮುರುಂಬಿ. ಅಪ್ಪ ಗೋವಾದ ವ್ಯಾಪಾರಿ, ಅಮ್ಮ ಮಾಸಾಯಿ. ಶಾಲೆ ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ. 1966ರಲ್ಲಿ ಕೀನ್ಯಾದ ಉಪಾಧ್ಯಕ್ಷರಾದರು, ಅದೇ ವರ್ಷ ರಾಜೀನಾಮೆ ಕೊಟ್ಟರು. ತಾವು ಸತ್ತರೆ ಪಿಂಟೋ ಹತ್ತಿರವೇ ಮಣ್ಣು ಮಾಡಬೇಕು ಅನ್ನೋದು ಅವರ ಆಸೆಯಾಗಿತ್ತು.

ಇದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ‘ನೈರೋಬಿಯಲ್ಲಿ ನಮ್ಮ ಧಾರವಾಡದ ಹೀರೋ’ ಅಂತ ಹೆಡ್ಡಿಂಗ್ ಹಾಕಬೇಕು ಅಂತ. ಆ ಯೋಚನೆಯನ್ನೂ ವಿಮರ್ಶೆ ಮಾಡಬೇಕು. ಬ್ಲಿಕ್ಸೆನ್ ಮನೆ ನೋಡಲು ಹೋಗುವ ಯುರೋಪಿನವರು ಆಫ್ರಿಕಾದಲ್ಲಿ ತಮ್ಮ ಮುಖವನ್ನೇ ಹುಡುಕುತ್ತಾರೆ ಅಂತ ಬೈದು, ನಾವೂ ಅದೇ ಕೆಲಸ ಮಾಡಿದರೆ ಹೇಗೆ? ಪಿಂಟೋ ಧಾರವಾಡದಲ್ಲಿ ಇದ್ದದ್ದು ಎರಡು ವರ್ಷ. ಬದುಕಿದ್ದು, ಸತ್ತದ್ದು ನೈರೋಬಿಗಾಗಿ. ‘ನಾನು ಎಲ್ಲಿಯವನು’ ಅನ್ನೋ ಪ್ರಶ್ನೆ ಹೊರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ದಿನಾ ಎದುರಾಗುತ್ತದೆ. ಪಿಂಟೋ ತಾವು ನಿಂತ ನೆಲದ ಜನರ ಜೊತೆ ನಿಂತು ಅದಕ್ಕೆ ಉತ್ತರ ಕೊಟ್ಟರು. ಅವರನ್ನು ನಾವು ವಾಪಸ್ ಊರಿಗೆ ಎಳೆದು ತಂದರೆ ಆ ಉತ್ತರವನ್ನೇ ಅಳಿಸಿದ ಹಾಗೆ.

ಹಾಗಾದರೆ ವೀಕೆಂಡ್ ಹೇಗೆ ಹೊಂದಿಸೋದು? ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಇಟಿಎ ಅನುಮತಿ ಮಾಡಿಸಿಕೊಳ್ಳಿ. ಶನಿವಾರ ಬೆಳಿಗ್ಗೆ ರೈಲ್ವೆ ಮ್ಯೂಸಿಯಂ. ಅಲ್ಲಿಂದ ಮೋಯ್ ಅವೆನ್ಯೂನ ನ್ಯಾಷನಲ್ ಆರ್ಕೈವ್ಸ್‌ಗೆ ಬನ್ನಿ, ಮುರುಂಬಿಯವರು ಕೂಡಿಟ್ಟ ಕಲೆ ಮತ್ತು ಪುಸ್ತಕಗಳು ಅಲ್ಲಿವೆ. ಅದು ಸರ್ಕಾರಿ ಕಟ್ಟಡ, ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಹತ್ತಿರದಲ್ಲೇ ಟಾಮ್ ಮ್‌ಬೋಯಾ ಪ್ರತಿಮೆ. 1969ರಲ್ಲಿ ಅವರನ್ನು ಕೊಂದದ್ದು ಇದೇ ಬೀದಿಯಲ್ಲಿ. 2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಿರುದ್ಧ ಯುವಕ ಯುವತಿಯರು ತುಂಬಿಕೊಂಡದ್ದೂ ಊರಿನ ಈ ಭಾಗದಲ್ಲೇ, ಅಧ್ಯಕ್ಷರು ಆ ಮಸೂದೆಯನ್ನು ಕೈಬಿಡಬೇಕಾಯಿತು. ಮಧ್ಯಾಹ್ನದ ಮೇಲೆ ಸಿಟಿ ಪಾರ್ಕ್. ಭಾನುವಾರ ಬೆಳಿಗ್ಗೆ ಕರುರಾ ಕಾಡಿನಲ್ಲಿ ನಡೆಯಿರಿ. 1999ರಲ್ಲಿ ಈ ಕಾಡನ್ನು ಕಟ್ಟಡದವರ ಪಾಲಾಗಲು ಬಿಡದೆ ಏಟು ತಿಂದವರು ವಂಗಾರಿ ಮಾಥಾಯ್, 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇದಾದ ಮೇಲೆ ಜಿರಾಫೆ. ಆನೆಮರಿ ನೋಡಲೇಬೇಕು ಅಂದರೆ ಮುಂಚೆಯೇ ಬುಕ್ ಮಾಡಿ, ಅಲ್ಲಿ ಬೆಳಿಗ್ಗೆ ಒಂದು ಗಂಟೆ ಮಾತ್ರ ಬಿಡುತ್ತಾರೆ. ಆಗ ಕರುರಾ ನಡಿಗೆಯನ್ನು ಸ್ವಲ್ಪ ಬೇಗ ಮುಗಿಸಬೇಕಾಗುತ್ತದೆ.

ಇದೂ ಒಂದು ಪಟ್ಟಿಯೇ, ಒಪ್ಪಿದೆ. ಎರಡು ದಿನದಲ್ಲಿ ಯಾವ ಊರೂ ಅರ್ಥವಾಗುವುದಿಲ್ಲ. ಆದರೆ ವಾಪಸ್ ಬಂದಾಗ ಪಕ್ಕದ ಮನೆಯವರು ‘ಹೇಗಿತ್ತು?’ ಅಂತ ಕೇಳ್ತಾರಲ್ಲ, ಆಗ ಹೇಳೋಕೆ ಪ್ರಾಣಿಗಳ ಜೊತೆ ನಾಲ್ಕು ಮನುಷ್ಯರ ಹೆಸರೂ ನಿಮ್ಮ ಬಾಯಲ್ಲಿರಲಿ.