ಮಾತ್ರೆ ಒಡೆಯದೆ ಮದ್ದು ಅಳೆಯುವ ಕಸುಬು

ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ತಿಳಿಯಲು ಅದನ್ನು ಪುಡಿಮಾಡಿ, ಕರಗಿಸಿ, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡುವುದು ರೂಢಿ. ಸಮೀಪ ಅವಕೆಂಪು ಬೆಳಕು ಮಾತ್ರೆಯನ್ನು ಒಡೆಯದೆಯೇ ಕೆಲವು ಕ್ಷಣಗಳಲ್ಲಿ ಉತ್ತರ ಹೇಳುತ್ತದೆ. ಹಾಗೆ ಹೇಳುವುದನ್ನು ಮೊದಲು ಕಲಿಸಬೇಕು, ಅಷ್ಟೆ.

780ರಿಂದ 2500 ನ್ಯಾನೋಮೀಟರ್ ನಡುವಿನ ಈ ಬೆಳಕಿನಲ್ಲಿ ಔಷಧ, ಪಿಷ್ಟ, ತೇವಾಂಶ ಎಲ್ಲವೂ ಸಂತೆಯಲ್ಲಿದ್ದಂತೆ ಒಟ್ಟಿಗೇ ಮಾತಾಡುತ್ತವೆ; ಔಷಧದ ದನಿಯನ್ನು ಬೇರ್ಪಡಿಸುವುದು ಗಣಿತದ ಮಾಡೆಲ್‌ನ ಕೆಲಸ. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ 1960ರ ದಶಕದಲ್ಲಿ ಧಾನ್ಯದ ತೇವ ಅಳೆಯಲು ಇದನ್ನು ಪಳಗಿಸಿದರು. ಔಷಧ ಕಾರ್ಖಾನೆಗಳಿಗೆ ಬಂದದ್ದು ಆಮೇಲೆ.

ಕುಶಲತೆಯೆಲ್ಲ ಇರುವುದು ಕಲಿಸಲು ಬಳಸುವ ಮಾತ್ರೆಗಳ ತಯಾರಿಯಲ್ಲಿ. ಕಾರ್ಖಾನೆಯ ಮಾತ್ರೆಗಳಲ್ಲೆಲ್ಲ ಔಷಧ ನಿಗದಿತ ಪ್ರಮಾಣದ ಶೇ 100ರ ಆಸುಪಾಸಿನಲ್ಲೇ ಇರುವುದರಿಂದ ಗಣಿತಕ್ಕೆ ಕಲಿಯಲು ಅಲ್ಲಿ ಹೆಚ್ಚೇನೂ ಸಿಗದು. ಹಾಗಾಗಿ ಬಲ್ಲವರು ಔಷಧವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಮಾತ್ರೆ ಒತ್ತಿಸುತ್ತಾರೆ. ಗಡಸುತನ, ತೇವ, ಬ್ಯಾಚುಗಳನ್ನೂ ಬದಲಿಸುತ್ತಾರೆ. ಔಷಧ ಏರಿದಂತೆಲ್ಲ ಮಾತ್ರೆಗೆ ತುಂಬುವ ಲ್ಯಾಕ್ಟೋಸ್ ಇಳಿಯುತ್ತ ಹೋದರೆ, ಮಾಡೆಲ್ ಔಷಧದ ಬದಲು ಲ್ಯಾಕ್ಟೋಸನ್ನೇ ಓದುತ್ತಿರಬಹುದು! ಎರಡನ್ನೂ ಒಂದಕ್ಕೊಂದು ಅಂಟದಂತೆ ಏರಿಳಿಸುವ ಆ ಯೋಜನೆ ನಿಜಕ್ಕೂ ಸುಂದರ.

ಮಾಡೆಲ್ ಕಟ್ಟುವ ಪಿಎಲ್‌ಎಸ್ ಎಂಬ ಲೆಕ್ಕದಲ್ಲಿ ಗಣಿತದ ಘಟಕಗಳನ್ನು ಹೆಚ್ಚಿಸಿದಷ್ಟೂ ಕಲಿತ ಮಾತ್ರೆಗಳ ಅಂಕಿ ಚೆನ್ನಾಗುತ್ತದೆ, ಆದರೆ ಅತಿಯಾದರೆ ಹೊಸ ಮಾತ್ರೆಯ ಮುಂದೆ ಮಾಡೆಲ್ ಎಡವುತ್ತದೆ. ಅಲ್ಲಿ ಕೈ ತಡೆಯುವುದೇ ಜಾಣ್ಮೆ.

ಒಂದು ಉಪಕರಣದಲ್ಲಿ ಕಲಿತದ್ದು ಇನ್ನೊಂದರಲ್ಲಿ ನಡೆದೀತೇ ಎಂದು ನೋಡಲು, ಎರಡು ಉಪಕರಣಗಳಲ್ಲಿ ಅಳೆದ 655 ಮಾತ್ರೆಗಳ 2002ರ ದತ್ತಾಂಶವನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ.