‘ನಿರಾಶ್ರಿತ’ ಶಬ್ದದ ಅರ್ಥವಿಚಾರ

‘ನಿರಾಶ್ರಿತ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢವಾಗಿವೆ. ಇರಲು ಮನೆಯಿಲ್ಲದವನು ಎಂಬುದೊಂದು. ನೆಲೆಯನ್ನು ಕಳೆದುಕೊಂಡು ಬೇರೆಡೆಗೆ ಬಂದವನು ಎಂಬುದಿನ್ನೊಂದು. 1947ರ ದೇಶವಿಭಜನೆಯಿಂದ ಊರು ಬಿಟ್ಟವರನ್ನು ಕುರಿತು ಎರಡನೆಯ ಅರ್ಥದಲ್ಲಿ ಇದನ್ನು ಪ್ರಯೋಗಿಸುವುದು ವಾಡಿಕೆ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಬೆರೆತಿರುವುದರಿಂದ ಒದಗುವ ತೊಡಕು ವಿಚಾರಣೀಯವಾಗಿದೆ.

ಆಶ್ರಿತನೆಂದರೆ ಆಶ್ರಯವನ್ನು ಹೊಂದಿದವನು. ಅದನ್ನು ಹೊಂದದವನು ನಿರಾಶ್ರಿತನು. ಸಂಸ್ಕೃತದಲ್ಲಿ ಇದಕ್ಕೆ ಸಮೀಪವಾದ ‘ನಿರಾಶ್ರಯ’ವೆಂಬ ರೂಪವು ಪ್ರಶಂಸೆಗೂ ಸಲ್ಲುತ್ತದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕರ್ಮಫಲದ ಆಸೆಯನ್ನು ಬಿಟ್ಟವನು ನಿರಾಶ್ರಯನು. ಹನ್ನೆರಡನೆಯದರಲ್ಲಿ ಭಕ್ತನು ಅನಿಕೇತನು. ಕುವೆಂಪು ಅವರ ‘ಅನಿಕೇತನ’ವೂ ಮನೆಯಿಲ್ಲದಿರುವುದನ್ನು ಆದರ್ಶವನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲೆಲ್ಲ ಮನೆಯು ತಾನಾಗಿ ಬಿಟ್ಟದ್ದು, ಕಳೆದುಕೊಂಡದ್ದಲ್ಲ. ಬಿಟ್ಟವನಿಗೂ ಕಳೆದುಕೊಂಡವನಿಗೂ ಇರುವ ಅಂತರವನ್ನು ಅಭಾವಸೂಚಕವಾದ ‘ನಿರ್’, ‘ಅ’ ಎಂಬ ಉಪಸರ್ಗಗಳು ತಿಳಿಸಲಾರವು.

ಈ ಅಂತರಕ್ಕೆ ಲಕ್ಕವಳ್ಳಿಯ ಸೀಮೆಯು ಒಳ್ಳೆಯ ನಿದರ್ಶನ. ಅಲ್ಲಿ ಭದ್ರಾನದಿಗೆ ಅಣೆಕಟ್ಟಿನ ಕೆಲಸವು 1947ರಲ್ಲಿ ಮೊದಲಾಯಿತು. ಜಲಾಶಯದ ಪೂರ್ಣಮಟ್ಟ 186 ಅಡಿ. ನೀರು ನಿಂತುದರಿಂದ ಹಳ್ಳಿಗಳೂ ಗದ್ದೆಗಳೂ ಮುಳುಗಿದುವು. ಮಲೆನಾಡಿನ ಆಡುನುಡಿಯು ಇದನ್ನು ‘ಮುಳುಗಡೆ’ಯೆಂದಿತು; ಜನರು ‘ಮುಳುಗಡೆಯವರು’ ಆದರು. 2002ರ ಸುಮಾರಿನಲ್ಲಿ ಭದ್ರಾ ಅಭಯಾರಣ್ಯದ ಒಳಗಣ ಹಳ್ಳಿಗಳವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಮೊದಲಾದೆಡೆಗೆ ಬಂದಾಗ ಬಳಕೆಗೆ ಬಂದ ಮಾತು ‘ಪುನರ್ವಸತಿ’.

ಇಲ್ಲಿ ಶಬ್ದಗಳ ಭೇದವು ಸ್ಪಷ್ಟವಾಗುತ್ತದೆ. ಸೂರು ದೊರೆತ ದಿನವೇ ‘ನಿರಾಶ್ರಿತ’ನು ನಿರಾಶ್ರಿತನಾಗಿ ಉಳಿಯುವುದಿಲ್ಲ. ‘ಮುಳುಗಡೆಯವನು’ ಹೊಸ ಮನೆಯಲ್ಲಿಯೂ ಮುಳುಗಡೆಯವನೇ. ಏಕೆಂದರೆ ಆ ಹೆಸರು ಕೊರತೆಯನ್ನಲ್ಲ, ಕಾರಣವನ್ನು ಹೇಳುತ್ತದೆ. ಮೊದಲನೆಯದರಲ್ಲಿ ದಯೆಗೆ ಎಡೆಯುಂಟು. ಎರಡನೆಯದರಲ್ಲಿ ಹಕ್ಕಿಗೆ ಎಡೆಯುಂಟು.

ಕಚೇರಿಯ ಇತರ ಶಬ್ದಗಳೂ ಹೀಗೆಯೇ ಪರೀಕ್ಷೆಗೆ ಅರ್ಹ. ‘ಸಂತ್ರಸ್ತ’ವೆಂದರೆ ಮೂಲದಲ್ಲಿ ಹೆದರಿದವನು; ಈಗ ಯಾವುದೇ ಹಾನಿಗೆ ಒಳಗಾದವನು. ‘ವಸತಿರಹಿತ’, ‘ನಿವೇಶನರಹಿತ’ ಎಂಬಿವು ಮನೆಯನ್ನೂ ಮನೆಕಟ್ಟುವ ನೆಲವನ್ನೂ ಬೇರ್ಪಡಿಸುವುದರಿಂದ ಉಪಯುಕ್ತವಾಗಿವೆ. ಆದರೂ ಅವು ಕೊರತೆಯ ಲೆಕ್ಕ ಮಾತ್ರ. ‘ಪರದೇಶಿ’ಯು ಅನ್ಯದೇಶದವನೆಂಬ ಅರ್ಥದಿಂದ ದಿಕ್ಕಿಲ್ಲದವನೆಂಬ ಅರ್ಥಕ್ಕೆ ಇಳಿದುದು, ನಾಡು ತಪ್ಪಿದವನ ಪಾಡನ್ನು ಜನರು ಹೇಗೆ ಕಂಡರೆಂಬುದಕ್ಕೆ ಸಾಕ್ಷಿ.

ಆದುದರಿಂದ ಸೂರಿಲ್ಲದವನಿಗೆ ‘ನಿರಾಶ್ರಿತ’ವು ಸಲ್ಲಲಿ. ನೆಲೆ ಕಿತ್ತವರನ್ನು ಕುರಿತು ಬರೆಯುವಾಗ, ಅವರ ನೆಲೆ ಏತರಿಂದ ಹೋಯಿತೆಂಬುದನ್ನು ಹೇಳುವ ದೇಶೀಯ ಶಬ್ದವಿದ್ದರೆ ಅದೇ ಗ್ರಾಹ್ಯ. ಪಾಠ ಹೇಳುವವರೂ ನಿಘಂಟು ರಚಿಸುವವರೂ ಎರಡನ್ನು ಪರ್ಯಾಯಗಳೆಂದು ಬಗೆಯುವುದು ಯುಕ್ತವಲ್ಲ.