ಒಳಗೆ ಬಿಟ್ಟ ಬಟ್ಟೆ

ಹೊಲಿದ ಬಟ್ಟೆ ಕೈಗೆ ಬಂದರೆ ಮೊದಲು ಅದನ್ನು ಒಳಮಗ್ಗುಲು ತಿರುವಿ ನೋಡಬೇಕು. ಹೊರಗಿನ ಬಣ್ಣ, ಅಂಚು, ಗುಂಡಿಗಳೆಲ್ಲ ಕಣ್ಣಿಗೆ ಹಬ್ಬ, ಸರಿ. ಆದರೆ ಹೊಲಿದವರ ಜಾಣ್ಮೆ ಎಷ್ಟು, ತೊಡುವವರ ಮೇಲೆ ಅವರಿಗೆ ಅಕ್ಕರೆ ಎಷ್ಟು ಎಂಬುದು ತಿಳಿಯುವುದು ಒಳಗೆ. ದಾರದ ತುದಿಯನ್ನು ಎಲ್ಲಿ ಅಡಗಿಸಿದ್ದಾರೆ, ಕತ್ತರಿ ಆಡಿದ ಅಂಚು ನೂಲು ಬಿಡದಂತೆ ಏನು ಮಾಡಿದ್ದಾರೆ, ಪಕ್ಕದ ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಇಷ್ಟು ಕಂಡರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ತಮಗೂ ತಮ್ಮವರಿಗೂ ಮನೆಯಲ್ಲೇ ಬಟ್ಟೆ, ಚೀಲ ಹೊಲಿದುಕೊಳ್ಳುವ ರೂಢಿ ಈಗ ಮತ್ತೆ ಚಿಗುರುತ್ತಿದೆ. ಮೂಲೆ ಸೇರಿದ್ದ ಕಾಲುಮಿಷನ್ನಿಗೆ ಹೊಸ ಬೆಲ್ಟು ಹಾಕಿಸಿದವರು, ಮೇಜಿನ ಮೇಲಿಡುವ ಪುಟ್ಟ ಕರೆಂಟ್ ಮಿಷನ್ ಕೊಂಡು ಮೊಬೈಲ್ ನೋಡಿ ಕಟಿಂಗ್ ಕಲಿತವರು ನನ್ನ ಪರಿಚಯದಲ್ಲೇ ಅನೇಕರಿದ್ದಾರೆ. ನನಗೆ ಇದು ತುಂಬ ಖುಷಿಯ ಸಂಗತಿ. ಖುಷಿಯ ಜೊತೆಗೆ ಒಂದು ತಕರಾರೂ ಇದೆ. ಇಂಥ ಹೊಲಿಗೆಯನ್ನು ಯಾರೂ ಸರಿಯಾಗಿ ಪರೀಕ್ಷೆಗೆ ಒಡ್ಡುವುದಿಲ್ಲ. ‘ಕೈಯಾರೆ ಹೊಲಿದದ್ದು’ ಅಂದರೆ ಮುಗಿಯಿತು, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಮನೆಯವರೇ ಬಾಯಿಬಿಟ್ಟು ಹೇಳುತ್ತಾರೆ. ಕಂಕುಳಲ್ಲಿ ಹಿಡಿಯುವ ರವಿಕೆಯನ್ನು ಮಾತ್ರ ಪ್ರೀತಿಯಿಂದ ಹೊಲಿದದ್ದೆಂದು ಸಹಿಸಿಕೊಂಡು, ಎರಡು ಸಲ ತೊಟ್ಟು, ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾರೆ. ಹೊಲಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಹಾಗಾದರೆ ಮನೆಹೊಲಿಗೆಯ ಹೆಚ್ಚುಗಾರಿಕೆ ಯಾವುದರಲ್ಲಿದೆ? ನನ್ನ ಉತ್ತರ ಹೊಲಿಗೆಯಾಚೆ ಬಿಟ್ಟ ಆ ಒಂದು ಇಂಚು ಬಟ್ಟೆಯಲ್ಲಿದೆ.

ಹೆಣ್ಣುಮಕ್ಕಳ ಲಂಗವನ್ನೇ ನೋಡಿ. ತಿಳಿದವರು ಹೊಲಿದ ಲಂಗದಲ್ಲಿ ಅಂಚಿನ ಮೇಲ್ಗಡೆ ಎರಡೋ ಮೂರೋ ಅಡ್ಡ ಮಡಿಕೆ ಇರುತ್ತವೆ. ನೋಡುವವರಿಗೆ ಅದೊಂದು ಅಲಂಕಾರ. ಹುಡುಗಿ ಎತ್ತರವಾದ ಹಾಗೆ ಒಂದೊಂದೇ ಮಡಿಕೆ ಬಿಚ್ಚಿದರೆ ಲಂಗವೂ ಅವಳ ಜೊತೆ ಉದ್ದವಾಗುತ್ತದೆ. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದೆ ಗಾಢವಾದ ಗೆರೆ ಉಳಿದಿದ್ದರೆ ಅದರ ಮೇಲೊಂದು ಲೇಸು ಓಡಿಸಿದರಾಯಿತು. ರವಿಕೆಗೂ ಹೀಗೆಯೇ ಮುಂದಾಲೋಚನೆ ಬೇಕು. ಎರಡೂ ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟು, ಕಾಲಿಂಚಿನ ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಬಸಿರಿಯಾದಾಗ ಒಂದು ಸಾಲು ಬಿಚ್ಚಬಹುದು, ಬಾಣಂತನ ಮುಗಿದು ಮೈ ಇಳಿದಾಗ ಮತ್ತೆ ಹಾಕಬಹುದು. ತೊಡುವವರ ಮೈ ಇವತ್ತು ಹೇಗಿದೆ ಎಂಬುದು ಟೇಪು ಹಿಡಿದರೆ ಯಾರಿಗಾದರೂ ಸಿಗುತ್ತದೆ. ನಾಳೆ ಹೇಗಾದೀತು ಎಂಬುದನ್ನು ಅವರನ್ನು ಬಲ್ಲವರೇ ಊಹಿಸಬೇಕು.

ಸಿದ್ಧ ಉಡುಪಿನಲ್ಲಿ ಈ ಊಹೆಗೆ ಜಾಗವಿಲ್ಲ. ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ಕೇಳಿ. ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಸಲ ಕತ್ತರಿಸುತ್ತಾರೆ. ಕಾಲರ್ ಹಾಕುವವರು ದಿನವಿಡೀ ಕಾಲರ್ ಹಾಕುತ್ತಾರೆ, ತೋಳು ಜೋಡಿಸುವವರು ತೋಳು ಜೋಡಿಸುತ್ತಾರೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ನೆತ್ತಿಯ ಮೇಲೆ. ಬಟ್ಟೆಯೇ ಅಲ್ಲಿ ಅತಿ ದೊಡ್ಡ ಖರ್ಚಾದ್ದರಿಂದ ಹೊಲಿಗೆಯಾಚೆ ಉಳಿಯುವುದು ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಬಿಚ್ಚಿ ಅಗಲ ಮಾಡುವ ಮಾತೇ ಇಲ್ಲ. ಆ ಹೆಂಗಸರ ಕೈಚಳಕ ಸಾಮಾನ್ಯದ್ದಲ್ಲ, ಅವರು ಹೊಲಿದ ನೇರ ಗೆರೆ ನಮ್ಮ ಮನೆಮಂದಿಗೆ ಬರುವುದೂ ಇಲ್ಲ. ಆದರೆ ಅವರು ಹೊಲಿಯುತ್ತಿರುವುದು ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಅಳತೆಗಳಿಗೆ. ಯಾರಿಗೆ ಎಂದು ಅವರಿಗೆ ತಿಳಿಯದು.

ಇಲ್ಲಿ ಕೈ ದೊಡ್ಡದೋ ಮಿಷನ್ ದೊಡ್ಡದೋ ಎಂಬ ಜಗಳ ಬೇಡ. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಬರೆದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರು ನಂಬಿದ್ದ ಕಥೆ. 1851ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಪಕ್ಕಾ ವ್ಯಾಪಾರಸ್ಥ. ಕಥೆಯ ಬಗ್ಗೆ ಅನುಮಾನವಿರಲಿ. ಗಾಂಧೀಜಿಯ ತೀರ್ಮಾನ ಮಾತ್ರ ಸರಿಯಾಗಿಯೇ ಇದೆ. ಮನೆಯೊಳಗೆ ಒಬ್ಬರ ಕಾಲಿನ ಅಂಕೆಯಲ್ಲಿ ಓಡುವ ಯಂತ್ರ ಮೈಮುರಿಯುವ ದುಡಿಮೆಯನ್ನು ತಗ್ಗಿಸುತ್ತದೆ, ಹೊಲಿಯುವವರ ಬುದ್ಧಿಗೆ ಅಡ್ಡಬರುವುದಿಲ್ಲ.

ಇನ್ನು ಸೂಜಿ ದಾರವನ್ನಷ್ಟೇ ನಂಬಿದ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಹೊದಿಕೆ ನಮ್ಮ ನಾಡಿನ ಮನೆಹೊಲಿಗೆಯಲ್ಲೇ ಶ್ರೇಷ್ಠವಾದದ್ದು ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಗುಲಾಮರಾಗಿಯೂ ಸೈನಿಕರಾಗಿಯೂ ಬಂದವರ ಸಂತತಿ ಇವರು. ಬಯಲುಸೀಮೆಯ ಕೌದಿಯಲ್ಲಿ ಸಾಮಾನ್ಯವಾಗಿ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ಉದ್ದಕ್ಕೂ ಹೊಲಿಗೆ ಹಾಕುತ್ತಾರೆ. ಕವಂದಿಯ ಕಟ್ಟಣೆ ಬೇರೆ. ಅಡಿಗೆ ಒಂದು ಸೀರೆ ಹಾಸಿ ಮೂಲೆಯಿಂದ ಶುರುಮಾಡುತ್ತಾರೆ. ಮಕ್ಕಳ ಹಳೆ ಅಂಗಿ, ಲುಂಗಿ, ಸೀರೆಯ ಸೆರಗು ಕತ್ತರಿಸಿದ ತುಂಡುಗಳ ಅಂಚನ್ನು ಬೆರಳಲ್ಲೇ ಒಳಮಡಿಸಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಇಟ್ಟು, ಎಲ್ಲ ಪದರ ದಾಟುವ ಹಾಗೆ ರನ್ನಿಂಗ್ ಹೊಲಿಗೆ ಹಾಕುತ್ತ ನಾಲ್ಕೂ ಬದಿ ಸುತ್ತುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗಿನ ಸುತ್ತು. ಹೀಗೆ ಹೊರಗಿನಿಂದ ನಡುವಿಗೆ ಬರುತ್ತಾರೆ. ತೇಪೆ ಜೋಡಿಸುವುದು, ಪದರಗಳನ್ನು ಹಿಡಿದು ಕಟ್ಟುವುದು, ವಿನ್ಯಾಸ ಮಾಡುವುದು ಮೂರೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತವೆ. ಮೊದಲೇ ಬರೆದುಕೊಂಡ ನಕ್ಷೆ ಇಲ್ಲ. ಮುಂದಿನ ತುಂಡು ಕೆಂಪಿರಬೇಕೋ ಹಳದಿ ಇರಬೇಕೋ ಎಂಬುದನ್ನು ಹಿಂದಿನ ತುಂಡು ಮತ್ತು ಬುಟ್ಟಿಯಲ್ಲಿ ಉಳಿದ ಚಿಂದಿ ಸೇರಿ ತೀರ್ಮಾನಿಸುತ್ತವೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನಗಳ ‘ಫೂಲ’ ಹಚ್ಚಿದರೇ ಕವಂದಿ ಪೂರ್ತಿಯಾಯಿತು ಎಂದು ಲೆಕ್ಕ.

2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಗೋಡೆಗೆ ತೂಗುಹಾಕಿದರೂ ಅವು ಚಿತ್ರಕಲೆಗೆ ಸರಿಸಾಟಿಯಾಗಿ ನಿಲ್ಲುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಕವಂದಿಯ ಬೆಲೆ ಗೊತ್ತಾಗುವುದು ಮಳೆಗಾಲದ ರಾತ್ರಿ ಅದರಡಿ ಮಲಗಿದ ಮಗುವಿಗೆ. ನೂರಾರು ಸಲ ಒಗೆದು, ಬಿಸಿಲಿಗೆ ಒಣಗಿ ಸವೆದ ಬಟ್ಟೆಗೆ ಬರುವ ಮೆತ್ತನೆಯ ಗುಣ ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಹುಟ್ಟಿದ ಕೂಸನ್ನು ಅಜ್ಜಿಯ ಹಳೆ ಸೀರೆಯಲ್ಲಿ ಸುತ್ತುವ ಪದ್ಧತಿಗೂ, ಮೊದಲ ಕುಲಾವಿ, ಕುಂಚಿಗೆಗಳ ಒಳಪದರಕ್ಕೆ ಹಳೆ ಮೆತ್ತನೆಯ ಬಟ್ಟೆ ಹುಡುಕುವುದಕ್ಕೂ ಇದೇ ಕಾರಣ.

ಅದಕ್ಕೇ ಪಟ್ಟಣದ ಅಂಗಡಿಗಳಲ್ಲಿ ಕೌದಿಯ ಹೆಸರಿನಲ್ಲಿ ಮಾರುವ ಕೆಲವು ಹೊದಿಕೆಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಹೊಚ್ಚ ಹೊಸ ಬಟ್ಟೆ ತಂದು ತುಂಡು ಮಾಡಿ, ನಡುವೆ ಪಾಲಿಯೆಸ್ಟರ್ ತುಂಬಿ, ಮಿಷನ್ನಿನಲ್ಲಿ ಗೆರೆ ಹೊಡೆದು ಮತ್ತೆ ಜೋಡಿಸುತ್ತಾರೆ. ಬಣ್ಣಗಳ ಹೊಂದಿಕೆ ಚೆನ್ನಾಗಿಯೇ ಇರುತ್ತದೆ. ಆದರೆ ಉಳಿದ ಬಟ್ಟೆಯನ್ನು ಉಳಿಸುವ ದಾರಿಯಾಗಿ ಹುಟ್ಟಿದ ಕಲೆಗಾಗಿ ಇಡೀ ಬಟ್ಟೆಯನ್ನು ತುಂಡು ಮಾಡುವುದು ಆ ಕಲೆಯನ್ನೇ ತಲೆಕೆಳಗು ಮಾಡಿದಂತೆ.

ಕಸೂತಿಯಲ್ಲೂ ಒಳಮಗ್ಗುಲಿನ ಪರೀಕ್ಷೆ ತಪ್ಪದು. ಧಾರವಾಡದ ಕಡೆ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ತೆಗೆಯುವ ಹೆಂಗಸರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ನೂಲೆಳೆ ಎಣಿಸಿಯೇ ಸೂಜಿ ಹಾಕುತ್ತಿದ್ದರು. ಕಸೂತಿಯ ಗಾವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತಾರೆ. ಹಾಗಾಗಿ ಹಿಂದೆ ಮುಂದೆ ಒಂದೇ ರೂಪ, ಗಂಟು ಹಾಕುವಂತೆಯೇ ಇಲ್ಲ. ಇವತ್ತು ಕಸೂತಿ ಹೆಸರಿನಲ್ಲಿ ಕಂಪ್ಯೂಟರ್ ಮಿಷನ್ನಿನ ಎಂಬ್ರಾಯ್ಡರಿಯೂ ಅಚ್ಚು ಹೊಡೆದದ್ದೂ ಮಾರಾಟವಾಗುತ್ತದೆ. ಕೊಳ್ಳುವ ಮುನ್ನ ಸೆರಗಿನ ಹಿಂಬದಿ ನೋಡಿದರೆ ನಿಜ ಬಯಲಾಗುತ್ತದೆ. ಲಂಬಾಣಿ ಕುಸುರಿಯ ಮಾತೂ ಇಲ್ಲಿಗೆ ಸೇರುತ್ತದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಂಗಸರು ಹೊಲಿದ 1755 ಕುಸುರಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಸೂಜಿಗಳಿಗೆ ಅಷ್ಟು ದೊಡ್ಡ ಗೌರವ ಸಿಕ್ಕಿದ್ದು ನನಗೆ ಹೆಮ್ಮೆ. ಆದರೆ ಒಂದೊಂದು ತುಂಡಿನ ಹೊಲಿಗೆ, ಬಣ್ಣ, ಕನ್ನಡಿ ಕೂರಿಸಿದ ರೀತಿ, ಇವುಗಳನ್ನು ಕುರಿತು ಎಲ್ಲಿಯೂ ಚರ್ಚೆ ಓದಲು ಸಿಗಲಿಲ್ಲ. ಎಣಿಕೆ ದೊರಕಿತು, ವಿಮರ್ಶೆ ದೊರಕಲಿಲ್ಲ.

ಚೀಲದ ಮಾತಿಗೆ ಬರೋಣ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಬಟ್ಟೆ ಚೀಲಕ್ಕೆ ಮತ್ತೆ ಕಾಲ ಬಂತು. ಮದುವೆ ಮನೆಯ ತಾಂಬೂಲದ ಚೀಲದಿಂದ ಹಿಡಿದು ಕಾರ್ಯಕ್ರಮಗಳಲ್ಲಿ ಹಂಚುವ ಚೀಲದವರೆಗೆ ಎಲ್ಲೆಲ್ಲೂ ಅವೇ. ಆದರೆ ಅಂಗಡಿಯಲ್ಲಿ ಬಟ್ಟೆಯಂತೆ ಕಾಣುವ, ನೇಯ್ಗೆಯೇ ಇಲ್ಲದ ಆ ಬಣ್ಣದ ಚೀಲಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ನಿಜವಾದ ಹತ್ತಿಯ ಚೀಲವಾದರೂ ಹೊಸ ಬಟ್ಟೆಯದಾದರೆ ಪರಿಸರಕ್ಕೆ ದೊಡ್ಡ ಉಪಕಾರವಾಗದು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಹೊರತಂದ ಅಧ್ಯಯನದಂತೆ, ಎಲ್ಲ ಬಗೆಯ ಪರಿಸರ ಹಾನಿಯನ್ನೂ ಲೆಕ್ಕ ಹಾಕಿದರೆ, ಹೊಸ ಹತ್ತಿ ಚೀಲವನ್ನು ಸುಮಾರು 7,100 ಸಲ ಬಳಸಿದ ಮೇಲಷ್ಟೇ ಅದು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸುತ್ತದೆ. ಹತ್ತಿ ಬೆಳೆದು ಹೊಸ ಬಟ್ಟೆ ಮಾಡುವುದರಲ್ಲಿ ಪರಿಸರಕ್ಕೆ ಬೀಳುವ ಖರ್ಚೇ ಇದಕ್ಕೆ ಕಾರಣ. ಆ ಖರ್ಚು ಆಗಲೇ ಆಗಿಹೋಗಿರುವ ಹಳೆ ಪ್ಯಾಂಟು, ಹಳೆ ಸೀರೆಯ ಚೀಲದ ಮುಂದೆ ಬೇರೆ ಯಾವ ಚೀಲವೂ ನಿಲ್ಲದು.

ಹೊಲಿದ ಚೀಲದ ಗುಣ ನೋಡಬೇಕಾದದ್ದು ಹಿಡಿಯಲ್ಲಿ. ಬಹುಪಾಲು ಮನೆಚೀಲಗಳು ಸೋಲುವುದು ಅಲ್ಲೇ. ಬಾಯಿಯ ಅಂಚಿಗೆ ಎರಡು ಪಟ್ಟಿಯನ್ನು ಒಂದು ಸಾಲು ಹೊಲಿಗೆಯಲ್ಲಿ ಅಂಟಿಸಿ ಬಿಟ್ಟರೆ ತರಕಾರಿಯ ಭಾರವೆಲ್ಲ ಒಂದಂಗುಲ ಜಾಗದ ಮೇಲೆ ಬಿದ್ದು ಹಿಡಿ ಬಟ್ಟೆಸಮೇತ ಕಿತ್ತು ಬರುತ್ತದೆ. ಅದೇ ಪಟ್ಟಿಯನ್ನು ಚೀಲದ ಮೈಮೇಲೆ ಇಳಿಸಿ, ಅಡಿಯಲ್ಲಿ ಹಾಯಿಸಿ, ಆಚೆ ಬದಿಗೆ ಏರಿಸಿದರೆ ಭಾರ ಹೊರುವುದು ಪಟ್ಟಿಯೇ. ಬಟ್ಟೆ ಸಾಮಾನನ್ನು ಹಿಡಿದುಕೊಂಡಿದ್ದರೆ ಸಾಕು. ಬಾಯಿಯ ಹತ್ತಿರ ಪಟ್ಟಿಯ ಮೇಲೆ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡ ಹೊಲಿಗೆ ಹಾಕಬೇಕು. ಚೀಲಕ್ಕೆ ಹಳೆ ಸೀರೆಯಿಂದ ಬಟ್ಟೆ ಆರಿಸುವುದಕ್ಕೂ ಕಣ್ಣು ಬೇಕು. ಕೂರುವ ಜಾಗ, ಕಾಲಿಗೆ ತಾಗುವ ನೆರಿಗೆಯ ಅಂಚು ಮೊದಲು ಸವೆಯುತ್ತವೆ. ಒಳಸುತ್ತಿನ ಬಟ್ಟೆ ಗಟ್ಟಿಯಾಗಿ ಉಳಿದಿರುತ್ತದೆ.

ಹೊಸದಾಗಿ ಕಲಿತವರ ಹೊಲಿಗೆಯಲ್ಲಿ ನಾನು ಮತ್ತೆ ಮತ್ತೆ ಕಾಣುವ ದೋಷಗಳು ಮುಖ್ಯವಾಗಿ ಎರಡು. ಹತ್ತಿ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಕತ್ತರಿಸುತ್ತಾರೆ. ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಬಟ್ಟೆ ಉಳಿಸುವ ಆಸೆಗೆ ಉದ್ದನೂಲು ಅಡ್ಡನೂಲು ನೋಡದೆ ಕತ್ತರಿ ಹಾಕುತ್ತಾರೆ. ತೋಳು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಇವು ಅವಸರದ ದೋಷಗಳು. ಯಾರಾದರೂ ಸ್ನೇಹದಿಂದ ತೋರಿಸಿಕೊಟ್ಟರೆ ಎರಡನೇ ಅಂಗಿಗೆ ಇರುವುದಿಲ್ಲ. ತೋರಿಸಿಕೊಡುವವರು ಬೇಕು, ಅಷ್ಟೆ.

ಈ ಕಸುಬನ್ನು ಹೊಗಳುವಾಗ ಮರೆಯಬಾರದ ಇನ್ನೊಂದು ಮಾತಿದೆ. ಪೇಟೆಯಲ್ಲಿ ಹೊಲಿದರೆ ಕೂಲಿ ಸಿಗುವ ಕೆಲಸ ಬಹುಕಾಲ ಗಂಡಸರದಾಗಿತ್ತು; ಕೂಲಿ ಇಲ್ಲದ ಹೊಲಿಗೆ ಮನೆಯ ಹೆಂಗಸರ ಪಾಲಿಗೆ, ಅದೂ ಅಡುಗೆಮನೆ ತೊಳೆದಾದ ಮಧ್ಯಾಹ್ನದ ಹೊತ್ತಿಗೆ ಬಂತು. ಕೌದಿಯನ್ನು ಕೊಂಡಾಡುವವರು ಅದನ್ನು ಹೊಲಿದವರ ಬಿಡುವಿನ ಬಗ್ಗೆ ಕೇಳುವುದಿಲ್ಲ. ಮನೆಹೊಲಿಗೆ ಮತ್ತೆ ಬರಲಿ, ಆದರೆ ಹಾಗೆಯೇ ಬರುವುದು ಬೇಡ. ಗಂಡುಮಕ್ಕಳೂ ಗುಂಡಿ ಹಚ್ಚಲು, ಪ್ಯಾಂಟಿನ ಕೆಳ ಅಂಚು ಮಡಿಸಿ ಹೆಮ್ಮಿಂಗ್ ಹಾಕಲು, ತಮ್ಮ ಚೀಲ ತಾವೇ ಹೊಲಿಯಲು ಕಲಿಯಲಿ. ಅಳತೆ ಹಿಡಿದು ಅಂಗಿ ಕತ್ತರಿಸಲು ಬಲ್ಲ ಅಣ್ಣ ತಂಗಿಗೆ ಫ್ರಾಕು ಹೊಲಿದುಕೊಟ್ಟರೆ ಈ ಕಸುಬಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ?

ಓದುಗರಲ್ಲಿ ನನ್ನದೊಂದು ಬೇಡಿಕೆ. ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಬಾಗಿಲಿಗೆ ಬಂದಾಗ ಎಲ್ಲವನ್ನೂ ಕೊಟ್ಟುಬಿಡಬೇಡಿ. ಒಂದು ಹತ್ತಿ ಸೀರೆ, ಒಂದು ಹಳೆ ಪ್ಯಾಂಟು ಉಳಿಸಿಕೊಳ್ಳಿ. ಮಿಷನ್ ಇಲ್ಲದಿದ್ದರೆ ಸೂಜಿ ದಾರ ಸಾಕು. ಮೊದಲು ಚೀಲ ಹೊಲಿಯಿರಿ, ಪಟ್ಟಿಯನ್ನು ಅಡಿಯವರೆಗೆ ಇಳಿಸಿ. ಮುಗಿದ ಮೇಲೆ ಐದು ಕಿಲೋ ಅಕ್ಕಿ ತುಂಬಿ ಎತ್ತಿ ನೋಡಿ. ಎಲ್ಲಿಯಾದರೂ ಹೊಲಿಗೆ ಬಾಯಿಬಿಟ್ಟರೆ ಬಿಚ್ಚಿ ಮತ್ತೆ ಹೊಲಿಯಿರಿ, ಆಮೇಲೆ ನಿಮ್ಮವರ ಕೈಗೆ ಕೊಡಿ.